ಇಸ್ತ್ರಿ ಹಾಕಿದ ಟಿಕೆಟ್ಟು

ನಮ್ಮ ಅಜ್ಜಿ ಕಾಡು ಕಂಡವಳಲ್ಲ. ಆದರೂ ನನ್ನನ್ನು ಬೆಳೆಸಿದ್ದು ಕಾಡಿನಲ್ಲೇ. ಇಸ್ತ್ರಿ ಅಂಗಡಿಯ ಮೇಜಿನ ಕೆಳಗೆ ಬಟ್ಟೆಯ ಗಂಟಿಗೆ ಒರಗಿ ಕೂತರೆ ಸಾಕು, ಮೇಲಿನಿಂದ ಕಥೆ ಇಳಿದು ಬರುತ್ತಿತ್ತು. ಅವಳು ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದಾಗ ಏಳುವ ಆವಿಯೇ ನನ್ನ ಪಾಲಿಗೆ ಬೆಟ್ಟದ ಮಂಜು. ಪೆಟ್ಟಿಗೆ ತಟ್ಟನೆ ನಿಂತರೆ ಕಥೆಯೊಳಗೆ ಹುಲಿ ಬಂದಿದೆ ಎಂದರ್ಥ. ಗಿರಾಕಿಗಳ ಒಂದೆರಡು ಕಾಲರು ಸುಟ್ಟದ್ದೂ ಆ ಹುಲಿಯ ದೆಸೆಯಿಂದಲೇ.

ಈಗ ಪೆಟ್ಟಿಗೆ ನನ್ನ ಕೈಗೆ ಬಂದಿದೆ. ಅಜ್ಜಿ ಸ್ಟೂಲಿನ ಮೇಲೆ ಕೂತು ಜೇಬು ತಡವುತ್ತಾಳೆ, ಗುಂಡಿ ಹಾಕುತ್ತಾಳೆ, ಮಡಚುತ್ತಾಳೆ. ಅವಳ ಮಂಡಿಗಳು ಅವಳ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಒಂದು ದಿನ ದಿಂಬಿನ ಚೀಲ ಮಡಚುತ್ತಾ, ಇಷ್ಟು ವರ್ಷ ಕಾಡಿನ ಕಥೆ ಬಾಯಿಗೆ ಬಂದಂತೆ ಹೇಳಿದೆ, ಅದು ನಿಜವೋ ಸುಳ್ಳೋ ಸಾಯುವ ಮೊದಲು ಕಣ್ಣಾರೆ ನೋಡಬೇಕು ಕಣೇ ಎಂದಳು. ನನಗೆ ಅಷ್ಟು ಸಾಕಾಯಿತು.

ನಮ್ಮೂರಿನಾಚೆ ರಾಷ್ಟ್ರೀಯ ಉದ್ಯಾನವಿದೆ. ಹೆಸರಿಗಷ್ಟೇ ಉದ್ಯಾನ, ಒಳಗೆ ಹೂವಿನ ಪಾತಿಯೂ ಇಲ್ಲ, ಕೂರಲು ಬೆಂಚೂ ಇಲ್ಲ, ಬರೀ ಕಾಡು. ಬೇರೆ ಗಾಡಿಗಳನ್ನು ಬಿಡುವುದಿಲ್ಲ. ಬೆಳಿಗ್ಗೆ ಹೊರಡುವ ಒಂದೇ ಬಸ್ಸು ಅದನ್ನು ಸೀಳಿಕೊಂಡು ಹೋಗಿ, ಆಚೆ ಬದಿಯ ತಂಗುಮನೆಯಲ್ಲಿ ನಿಂತು, ಮರುದಿನ ತಿರುಗಿ ಬರುತ್ತದೆ. ಮಳೆಗಾಲ ಬಂತೆಂದರೆ ಗೇಟಿಗೆ ಬೀಗ. ಈ ಸಲದ ಕೊನೆಯ ಬಸ್ಸಿನಲ್ಲಿ ಎರಡೇ ಸೀಟು ಉಳಿದಿದ್ದವು, ಡ್ರೈವರನ ಹಿಂದಿನವು. ಹಿಡಿದೇಬಿಟ್ಟೆ; ಎರಡಕ್ಕೂ ಸೇರಿ ಒಂದೇ ಟಿಕೆಟ್ಟು.

ಆಮೇಲೆ ನಮ್ಮ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಕಾಡಿಗೆ ಢಾಳು ಬಣ್ಣ ಆಗದಂತೆ; ಅಜ್ಜಿ ತನ್ನ ಹಳೆಯ ಬೂದು ಬಟ್ಟೆಗೆ ಮತ್ತೆ ಗಂಜಿ ಹಾಕಿಸಿದಳು. ಗಂಜಿ ಬಟ್ಟೆಯ ಸದ್ದಿಗೆ ಜಿಂಕೆಗಳು ಓಡುತ್ತವೆ ಎಂದರೆ, ಓಡಲಿ, ಓಡೋದನ್ನೇ ನೋಡೋಣ ಎಂದಳು. ಕಿಟಕಿ ಪಕ್ಕ ಯಾರು ಎಂಬ ಜಗಳ ಎರಡು ದಿನ ನಡೆದು, ಹೋಗುವಾಗ ಅವಳು ಬರುವಾಗ ನಾನು ಎಂದು ರಾಜಿಯಾಯಿತು. ಬರುವಾಗ ಅವಳಿಗೆ ನಿದ್ದೆ ಬಂದಿರುತ್ತದೆ ಎಂಬ ಲೆಕ್ಕ ಅವಳದೇ.

ಅಡ್ಡ ಬಂದವರು ಮಾವ. ಅಜ್ಜಿಯ ಒಬ್ಬನೇ ಮಗ, ಪಕ್ಕದ ಬೀದಿಯಲ್ಲಿ ಔಷಧಿ ಅಂಗಡಿ. ಯಾರು ಎದುರಾದರೂ ಮುಖ ನೋಡಿಯೇ ಒಂದು ಕಾಯಿಲೆ ಅಂಟಿಸುತ್ತಾರೆ. ಅಮ್ಮನಿಗೆ ಮಂಡಿ, ಬಿಪಿ, ಉಸಿರು, ನಡುಗಾಡಿನಲ್ಲಿ ಏನಾದರೂ ಆದರೆ ಹುಲಿ ಬಂದು ನಾಡಿ ಹಿಡಿಯುತ್ತದೆಯೇ ಎಂದು ನನ್ನ ಮೇಲೆ ಹರಿಹಾಯ್ದರು. ಹಗಲುಗನಸು ಕಾಣೋ ಹುಡುಗಿ ಕುಣಿದರೆ ನೀನೂ ಕುಣಿಯೋದಾ ಎಂದು ಅಜ್ಜಿಯನ್ನೂ ಬಿಡಲಿಲ್ಲ.

"ಊರು ಹೋಗು ಅನ್ನೋ, ಕಾಡು ಬಾ ಅನ್ನೋ ವಯಸ್ಸಮ್ಮ ನಿನ್ನದು" ಎಂದರು ಕೊನೆಗೆ.

"ಅಷ್ಟು ಬಾಯಿಬಿಟ್ಟು ಕರೀತಿದ್ರೆ ಹೋಗದೇ ಇರೋದು ಯಾವ ಮರ್ಯಾದೆಯೋ?" ಎಂದಳು ಅಜ್ಜಿ.

ಮಾವ ಮೇಜಿನ ಮೇಲಿದ್ದ ಟಿಕೆಟ್ಟನ್ನು ಎತ್ತಿ ಮುದುರಿ ತಮ್ಮ ಜೇಬಿಗೆ ತುರುಕಿಕೊಂಡರು. ಮಳೆ ಬಿದ್ದ ಮೇಲೆ ಕೊಡುತ್ತಾರಂತೆ. ನಾನು ಬಸ್ಸಿನ ಟಿಕೆಟ್ ಕೌಂಟರಿಗೆ ಓಡಿದೆ. ಒಂದು ಸಲ ಕೊಟ್ಟ ಟಿಕೆಟ್ಟನ್ನು ಮತ್ತೆ ಕೊಡುವ ಪದ್ಧತಿಯಿಲ್ಲ, ಬೇರೆ ಸೀಟೂ ಇಲ್ಲ ಎಂದು ಅಲ್ಲಿದ್ದವನು ಕಿಂಡಿಯ ಬಾಗಿಲು ಎಳೆದುಕೊಂಡ.

ಹೊರಡುವ ಹಿಂದಿನ ದಿನ, ಮಾವನ ಮನೆಯಿಂದ ಅತ್ತೆ ಎಂದಿನಂತೆ ಬಟ್ಟೆಯ ಗಂಟು ಕಳಿಸಿದರು. ನೀಲಿ ಅಂಗಿಯ ಜೇಬಿಗೆ ಅಜ್ಜಿ ಕೈ ಹಾಕಿದಳು. ಹೊರಬಂದದ್ದು ನಮ್ಮ ಟಿಕೆಟ್ಟು, ಒಣಗಿದ ಎಲೆಯ ಹಾಗೆ ಸುಕ್ಕುಗಟ್ಟಿ. ನಾನು ಕುಣಿದಾಡಿಬಿಟ್ಟೆ. ಅಜ್ಜಿ ಮಾತ್ರ ಅದನ್ನು ನನ್ನ ಕೈಗೆ ಕೊಡಲಿಲ್ಲ. ನಮ್ಮ ಅಂಗಡಿಯ ರೀತಿ ನನಗೂ ಗೊತ್ತು: ಜೇಬಿನಲ್ಲಿ ಸಿಕ್ಕಿದ್ದು ಜೇಬಿನವರದ್ದು. ನೋಟಾಗಲಿ, ಪ್ರೇಮಪತ್ರವಾಗಲಿ, ಓದದೆ ಇಸ್ತ್ರಿ ಎಳೆದು, ಮಡಚಿದ ಬಟ್ಟೆಯ ಮೇಲಿಟ್ಟು ಕೊಡುವುದು. ಇದು ನಮ್ಮದೇ ಅಲ್ವಾ ಅಜ್ಜಿ ಎಂದು ಗೋಗರೆದೆ.

"ನಮ್ಮದೇ. ಅದಕ್ಕೇ ಕದಿಯಲ್ಲ. ಅವನು ಬರಲಿ, ಎದುರಿಗೆ ನಿಂತು ಕೇಳ್ತೀನಿ."

ಹೇಳುತ್ತಲೇ ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ಟಿಕೆಟ್ಟಿನ ಮೇಲೆ ಒಮ್ಮೆ ಎಳೆದಳು. ಅದು ಮಸಿಯಿಲ್ಲದೆ, ಬಿಸಿಯಿಂದಲೇ ಅಕ್ಷರ ಮೂಡಿಸುವ ನುಣುಪು ಕಾಗದ. ಪೆಟ್ಟಿಗೆ ಎತ್ತುವಷ್ಟರಲ್ಲಿ ಸುಕ್ಕೂ ಇರಲಿಲ್ಲ, ಅಕ್ಷರವೂ ಇರಲಿಲ್ಲ. ಇಡೀ ಟಿಕೆಟ್ಟು ಅಮಾವಾಸ್ಯೆಯಂತೆ ಕಪ್ಪಾಗಿತ್ತು.

ಸಂಜೆ ಬಟ್ಟೆಗೆಂದು ಬಂದ ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದರು. ತಗೋ, ರಾತ್ರಿ ಹೊತ್ತು ಕಾಡು ಹೀಗೇ ಕಾಣೋದು, ಇಲ್ಲೇ ಕೂತು ನೋಡಿಕೋ ಎಂದು ಅಜ್ಜಿಯ ಮಡಿಲಿಗೆ ಎಸೆದು ಹೋದರು. ಅಜ್ಜಿ ಕಪ್ಪು ಕಾಗದವನ್ನು ಎರಡು ಬೆರಳಲ್ಲಿ ಹಿಡಿದೆತ್ತಿದಳು.

"ಅವನೇ ಕೈಯಾರೆ ಕೊಟ್ಟ, ನೋಡಿದೆಯಲ್ಲ. ಇನ್ನು ಇದು ನಮ್ಮದು. ಬೆಳಿಗ್ಗೆ ಬೇಗ ಎಬ್ಬಿಸು."

ಬೆಳಿಗ್ಗೆ ಅವಳೇ ನನ್ನನ್ನು ಎಬ್ಬಿಸಿದಳು. ಗಂಜಿ ಬಟ್ಟೆ ಚರಚರ ಎನ್ನಿಸುತ್ತಾ, ಒಂದು ಕೈ ನನ್ನ ಹೆಗಲ ಮೇಲಿಟ್ಟು ಬಸ್ಸಿನ ಮೆಟ್ಟಿಲು ಹತ್ತಿ, ಡ್ರೈವರನ ಹಿಂದಿನ ಸೀಟಿನಲ್ಲಿ ತವರಿಗೆ ಬಂದವಳಂತೆ ಕೂತುಬಿಟ್ಟಳು. ಕಂಡಕ್ಟರ್ ಕಪ್ಪು ಕಾಗದವನ್ನು ಬೆಳಕಿಗೆ ಹಿಡಿದು, ಇದು ಟಿಕೆಟ್ಟೋ ಕರಡಿಯ ಫೋಟೋನೋ ಎಂದು ಕೇಳಿದ. ಸುಕ್ಕಾಗಿತ್ತು, ಇಸ್ತ್ರಿ ಹಾಕಿದೆ ಎಂದಳು ಅಜ್ಜಿ, ಅದರಲ್ಲೇನು ವಿಶೇಷ ಎಂಬಂತೆ. ಅವನಿಗೆ ನಗು ತಡೆಯಲಾಗಲಿಲ್ಲ. ಆದರೂ ಇಳಿಯಲೇಬೇಕು ಎಂದ. ಈ ಸೀಟಿನವರು ಬಂದರೆ ತನ್ನ ಕೆಲಸಕ್ಕೇ ಕುತ್ತು.

"ಬರಲಪ್ಪ. ಬಂದ್ರೆ ನಾನೇ ಎದ್ದು ಸೀಟು ಒರೆಸಿ ಕೊಡ್ತೀನಿ. ಬರದಿದ್ರೆ ಬಸ್ಸು ಬಿಡು."

ಉಳಿದ ಸೀಟುಗಳೆಲ್ಲ ತುಂಬಿದವು. ನಮ್ಮೆರಡು ಸೀಟು ಕೇಳಿಕೊಂಡು ಯಾರೂ ಬರಲಿಲ್ಲ. ಕಂಡಕ್ಟರ್ ಒಮ್ಮೆ ಗಡಿಯಾರ, ಒಮ್ಮೆ ಅಜ್ಜಿಯನ್ನು ನೋಡುತ್ತಾ ಬಾಗಿಲಲ್ಲೇ ಒದ್ದಾಡುತ್ತಿದ್ದ. ಯಾರೂ ಬಾರದಿರುವುದು ಪುರಾವೆ ಆಗುವುದಿಲ್ಲ ಅಜ್ಜಿ, ಬರೆದದ್ದು ಒಂದಕ್ಷರವಾದರೂ ಬೇಕು ಎಂದು ಅವನು ನಮ್ಮ ಬ್ಯಾಗಿಗೆ ಕೈ ಹಾಕುವಾಗಲೇ ಮಾವನ ಸ್ಕೂಟರು ಬಂದು ನಿಂತಿತು. ನಮ್ಮ ಅಂಗಡಿಗೆ ಬೀಗ ಬಿದ್ದದ್ದು ಕಂಡು ಓಡಿಬಂದಿದ್ದರು. ಅಂಗಿಯ ಗುಂಡಿ ಒಂದು ತೂತು ಏರುಪೇರು.

"ಇಳಿಯಮ್ಮ" ಎಂದರು ಮೆಟ್ಟಿಲ ಮೇಲೆ ನಿಂತು.

"ಇಳಿಯಲ್ಲ."

ಟಿಕೆಟ್ಟಿಲ್ಲದೆ ಹತ್ತಬಾರದು ಎಂದು ಕಂಡಕ್ಟರ್ ಮಾವನಿಗೆ ಕೈ ಅಡ್ಡ ಇಟ್ಟ. ಮಾವನಿಗೆ ರೇಗಿತು.

"ಇವರ ಹತ್ರ ಮಾತ್ರ ಇದೆಯೇನ್ರೀ? ಈ ಎರಡು ಸೀಟಿನ ಟಿಕೆಟ್ಟು ಇಷ್ಟು ದಿನ ನನ್ನ ಜೇಬಲ್ಲೇ ಇತ್ತು. ನಿನ್ನೆ ಅಮ್ಮನೇ ಇಸ್ತ್ರಿ ಹಾಕಿ ಸುಟ್ಟುಕೊಂಡಿದ್ದು. ಕೇಳಿ ಬೇಕಾದ್ರೆ."

ಕಂಡಕ್ಟರ್ ಕೈಯಲ್ಲಿದ್ದ ಕಪ್ಪು ಕಾಗದವನ್ನು ನೋಡಿದ, ಮಾವನನ್ನು ನೋಡಿದ.

"ಅಂದ್ರೆ ಸೀಟು ಇವರದ್ದೇ ಅಂತಾಯ್ತು" ಎಂದ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಡಿದ ಮಾತನ್ನು ನುಂಗಲು ಮಾವನ ಅಂಗಡಿಯಲ್ಲೂ ಮಾತ್ರೆಯಿರಲಿಲ್ಲ. ಕಂಡಕ್ಟರ್ ಕಾಗದವನ್ನು ಅಂಚಿನಲ್ಲಿ ಹರಿದು ಅಜ್ಜಿಗೆ ಮರಳಿಸಿ, ಇಳೀರಿ ಸ್ವಾಮಿ, ತಡವಾಯ್ತು ಎಂದು ಮಾವನನ್ನು ಮೆಲ್ಲಗೆ ಕೆಳಕ್ಕೆ ಕಳಿಸಿದ.

ಬಸ್ಸು ಅಲುಗಿತು. ಮಾವ ನಮ್ಮ ಕಿಟಕಿಯ ಪಕ್ಕದಲ್ಲೇ ದಾಪುಗಾಲು ಹಾಕುತ್ತಾ ಕೈ ಬೀಸುತ್ತಿದ್ದರು, ಜೇಬಿನಿಂದ ಮಾತ್ರೆಯ ಪಟ್ಟಿಯೊಂದನ್ನು ಎತ್ತಿ ಹಿಡಿದು. ಅಜ್ಜಿ ಕೈ ಹೊರಗೆ ಚಾಚಿ ಮಾತ್ರೆ ಇಸಿದುಕೊಂಡು, ಗಾಜು ಎಳೆದು ಮುಚ್ಚಿದಳು.

"ಇನ್ನೂ ಏನೋ ಹೇಳ್ತಿದ್ದಾರೆ ಅಜ್ಜಿ" ಎಂದೆ.

"ಹೇಳಲಿ. ನಾಳೆ ಬಂದು ಕೇಳ್ತೀನಿ."