ದೊಡ್ಡಿಯ ಗೋಡೆಯಾಚೆ

ಮಾಪುಲೆಂಗ್ ಗಂಜಿಯ ಬಟ್ಟಲು ಹಿಡಿದು ದೊಡ್ಡಿಯ ಕಲ್ಲುಗೋಡೆಯ ಬಳಿ ಬಂದಾಗ ಲೆಬುಸಾ ಎರಡನೆಯ ಕತ್ತೆಯ ಮೇಲೆ ಬೆರಣಿ ಹೇರುತ್ತಿದ್ದ. ಮೊದಲನೆಯದರ ಬೆನ್ನಿನ ಚೀಲಗಳು ಆಗಲೇ ಬಾಯಿತನಕ ತುಂಬಿದ್ದವು. ಅವಳಿಗೆ ಅರ್ಥವಾಗಲಿಲ್ಲ. ಒಣಗಿಸುವ ಜಾಗ ಇಲ್ಲೇ ಮನೆಯ ಹಿಂದಿರುವಾಗ ಕತ್ತೆ ಯಾಕೆ?

"ಭಾವ, ಅದನ್ನ ಎಲ್ಲಿಗೆ ಹೊರಿಸ್ತಾ ಇದೀರಿ?"

"ಮನೆಗೆ."

"ಯಾರ ಮನೆಗೆ?"

"ಇದೇನ್ ಕೇಳ್ತೀಯ? ನನ್ನ ಮನೆಗೆ."

ಅವಳ ಗಂಡ ಗಣಿಯಿಂದ ತಂದ ಕೆಮ್ಮಿನಲ್ಲಿ ಬೇಸಿಗೆಗೆ ತೀರಿಕೊಂಡಿದ್ದ. ಮಣ್ಣು ಮಾಡಿ ವಾರ ಕಳೆದಿರಲಿಲ್ಲ, ಅವನಣ್ಣ ಈ ಲೆಬುಸಾ ಬಂದು, ಹೆಂಗಸರ ಕೈಲಿ ದನ ನೋಡಿಕೊಳ್ಳಲು ಆಗುತ್ತದೆಯೇ ಎಂದು ಹಸುಗಳನ್ನೆಲ್ಲ ಹೊಡೆದುಕೊಂಡು ಹೋದ. ಮಾಪುಲೆಂಗ್ ತುಟಿಪಿಟಕ್ಕೆನ್ನಲಿಲ್ಲ. ಸೂತಕದ ಕಪ್ಪು ಬಟ್ಟೆ ಹೊದ್ದವಳು ದನಿ ಎತ್ತಬಾರದು. ಹೊತ್ತು ಮುಳುಗಿದ ಮೇಲೆ ಹೊರಗಿರಬಾರದು. ದನದ ದೊಡ್ಡಿಗಂತೂ ಕಾಲಿಡಲೇಬಾರದು. ಇಟ್ಟರೆ ಗಬ್ಬದ ಹಸು ಕಂದು ಹಾಕುತ್ತದೆ. ಆ ಬಟ್ಟೆ ಸೋಕಿದ ಸಗಣಿಯನ್ನು ಮನೆಗೆ ಒಯ್ದರೂ ಅಷ್ಟೇ ಕೇಡು. ಇವೆಲ್ಲ ಅವಳು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಮಾತು.

ಇನ್ನೇನು ಚಳಿ ಬಂದೇ ಬಿಟ್ಟಿತ್ತು. ಬೆಳಿಗ್ಗೆ ಮಲೂಟಿ ಬೆಟ್ಟಗಳ ನೆತ್ತಿ ಹಿಮ ಬಿದ್ದು ಬೆಳ್ಳಗಾಗಿತ್ತು. ಮಾಪುಲೆಂಗ್ ಸೂರಿನ ಸಂದಿಗಳಿಗೆ ಹೊಸ ಹುಲ್ಲು ತುರುಕಿದ್ದಳು. ಕೆಮ್ಮಣ್ಣು ಸಗಣಿ ಕಲಸಿ ಅಂಗೈಯಲ್ಲೇ ಗೋಡೆ ಮೆತ್ತಿದ್ದಳು. ಬಾಗಿಲ ಕೆಳಗೆ ಹಳೇ ಕಂಬಳಿಯ ಚೂರಿಟ್ಟು ಮೊಳೆ ಹೊಡೆದಿದ್ದಳು. ಉಳಿದದ್ದು ಉರುವಲು ಒಂದೇ. ಆ ಬೋಳು ಗುಡ್ಡದಲ್ಲಿ ಮರ ಎಲ್ಲಿಂದ ಬರಬೇಕು? ದನ ತುಳಿದು ತುಳಿದು ಗಟ್ಟಿಯಾದ ದೊಡ್ಡಿಯ ನೆಲವನ್ನೇ ಸಲಿಕೆಯಿಂದ ಇಟ್ಟಿಗೆ ಇಟ್ಟಿಗೆಯಾಗಿ ಕಡಿದು ಒಣಗಿಸಬೇಕು. ಕಡಿಯುವುದು ಗಂಡಸಿನ ಕೆಲಸ. 'ನಾಳೆ ಬರ್ತೀನಿ, ನಾಳೆ ಬರ್ತೀನಿ' ಎನ್ನುತ್ತಿದ್ದ ಭಾವ ಇವತ್ತು ಸಲಿಕೆ ಹಿಡಿದು ಬಂದದ್ದನ್ನು ಕಂಡು ಇವಳು ಹಿಗ್ಗಿ ಹೀರೇಕಾಯಾಗಿ ಹುಳಿಗಂಜಿ ಕಾಯಿಸಿ ತಂದಿದ್ದಳು. ಕಳ್ಳನಿಗೆ ಗಂಜಿ!

"ದನ ಯಾರದೋ ಸಗಣೀನೂ ಅವರದೇ," ಎಂದ ಲೆಬುಸಾ. "ಅದ್ರಲ್ಲಿ ಮಾತೇನಿದೆ?"

"ಅವು ಮಲಗಿದ್ದು ಈ ದೊಡ್ಡೀಲಿ ತಾನೇ? ಚಳಿಗೆ ನಾವೇನ್ ಸುಡೋಣ, ನಮ್ಮ ಕೈಕಾಲಾ? ಹೋದ ಸಲ ಅತ್ತೆಗೆ ಎದೆ ಕಟ್ಟಿ ಜೀವ ಹೋಗೋದೊಂದು ಬಾಕಿ ಇತ್ತು. ನಿಮ್ಮ ತಾಯಿ ಅಲ್ವಾ ಅವರು?"

"ಅವ್ವನ್ನ ನಾನು ಕರ್ಕೊಂಡು ಹೋಗ್ತೀನಿ. ನೀನು ತವರಿಗೆ ಹೋಗು. ಒಲೆ ಉರಿಯದ ಮನೇಲಿ ನಿಂಗೇನ್ ಕೆಲಸ?"

ಓಹೋ, ಹೀಗೋ ಇದು! ಮನೆಯೂ ಬೇಕಿತ್ತು ಇವನಿಗೆ. ಮಾಪುಲೆಂಗ್‌ಳ ಮೈಯೆಲ್ಲ ಉರಿದುಹೋಯಿತು.

ಬಾಗಿಲ ಬಳಿ ಕಂಬಳಿ ಹೊದ್ದು ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಅತ್ತೆ ಮಾಬಾಥೊ ಅಲ್ಲಿಂದಲೇ ಕೂಗಿದಳು. "ಲೆಬುಸಾ, ಅರ್ಧನಾದ್ರೂ ಬಿಡಪ್ಪಾ."

"ನೀನು ಸುಮ್ನಿರವ್ವ."

ಮಾಪುಲೆಂಗ್ ಬಟ್ಟಲನ್ನು ಗೋಡೆಯ ಮೇಲಿಟ್ಟಳು. "ಕೊಡಿ ಸಲಿಕೆ. ಉಳಿದಿದ್ದನ್ನ ನಾನೇ ಕಡೀತೀನಿ."

"ಕಪ್ಪು ಬಟ್ಟೇಲಿ ಒಳಗೆ ಬರ್ತೀಯಾ? ದನ ಕಂದು ಹಾಕ್ತವೆ, ಗೊತ್ತಿಲ್ವಾ?"

"ಯಾವ ದನ? ಎಲ್ಲಿದಾವೆ ಭಾವ? ಒಂದು ಬಾಲ ತೋರಿಸಿ ನೋಡೋಣ!"

"ನನ್ನ ದೊಡ್ಡೀಲಿದಾವೆ. ಎಲ್ಲಾ ಗಬ್ಬ. ಈ ಸಗಣಿ ಅಲ್ಲಿಗೇ ಹೋಗೋದು..."

ಅಂದವನು ತಟ್ಟನೆ ಬಾಯಿ ಮುಚ್ಚಿದ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾಪುಲೆಂಗ್ ಕಪ್ಪು ಬಟ್ಟೆಯನ್ನು ಮೊಣಕಾಲಿಗೆತ್ತಿ ಗೋಡೆ ಹತ್ತಿ ಒಳಕ್ಕೆ ಇಳಿದಳು.

"ಏಯ್! ಏಯ್, ನಿಂತ್ಕೋ!"

ಅವಳು ನಿಲ್ಲಲಿಲ್ಲ. ಕಡಿದಿಟ್ಟ ಬೆರಣಿಗಳ ಮೇಲೆ ಬರಿಗಾಲಲ್ಲಿ ನಡೆದಳು. ಸಲಿಕೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಕತ್ತೆಯ ಬೆನ್ನಿನ ಚೀಲಕ್ಕೆ ಕೈಹಾಕಿ ಬೆರಣಿಯೊಂದನ್ನು ತೆಗೆದು, ಪಾತ್ರೆ ಒರೆಸುವ ಹಾಗೆ, ತನ್ನ ಕಪ್ಪು ಸೆರಗಿನಿಂದ ನಿಧಾನವಾಗಿ ಒರೆಸಿ ಮತ್ತೆ ಚೀಲಕ್ಕೇ ಹಾಕಿದಳು. ಇನ್ನೊಂದನ್ನು ತೆಗೆದಳು.

"ತಗೊಂಡು ಹೋಗಿ ಭಾವ! ನಿಮ್ದೇ ತಾನೇ? ನಿಮ್ಮ ಹಸುಗಳಿಗೂ ತೋರಿಸಿ!"

ಬೇಸಿಗೆಯಿಂದೀಚೆಗೆ ಅವಳ ದನಿ ಆ ಮನೆಯ ಅಂಗಳ ದಾಟಿದ್ದು ಅದೇ ಮೊದಲು. ದಾರಿಯಲ್ಲಿ ನೀರು ಹೊತ್ತು ಹೋಗುತ್ತಿದ್ದ ಹೆಂಗಸರು ನಿಂತುಬಿಟ್ಟರು. ಲೆಬುಸಾನ ಮುಖ ಬೂದಿಯಾಗಿತ್ತು. ಅವನು ಹಗ್ಗ ಬಿಚ್ಚಿ, ಚೀಲಗಳು ಮೈಗೆ ತಾಗದಂತೆ ಕೋಲಿನಿಂದ ನೂಕಿ ಕೆಳಗೆ ಬೀಳಿಸಿ, ಕತ್ತೆಗಳನ್ನು ಹೊಡೆದುಕೊಂಡು ಹೊರಟ.

"ಸಲಿಕೆ ಮರೆತ್ರಿ, ಭಾವ!"

ಅವನು ತಿರುಗಿಯೂ ನೋಡಲಿಲ್ಲ.

ಅವನು ಮರೆಯಾದ ಮೇಲೆ ಮಾಪುಲೆಂಗ್ ಬಿದ್ದ ಚೀಲಗಳನ್ನು ಒಂದೊಂದಾಗಿ ನೆಟ್ಟಗೆ ನಿಲ್ಲಿಸಿದಳು. ಅವಳಿಗೇನು ಹೆದರಿಕೆಯಿರಲಿಲ್ಲವೇ? ಇತ್ತು. ಕಪ್ಪು ಬಟ್ಟೆ ಸೋಕಿದ ಈ ಬೆರಣಿಯ ಬೆಂಕಿಯಲ್ಲಿ ಬೆಂದದ್ದನ್ನು ಅತ್ತೆ ಮುಟ್ಟದಿದ್ದರೆ? ಮಗನ ಮನೆಗೇ ಹೊರಟುಬಿಟ್ಟರೆ? ಆಗ ಯಾರಿಗಾಗಿ ಈ ಒಲೆ?

ಮಾಬಾಥೊ ಕೋಲೂರಿಕೊಂಡು ಗೋಡೆಯ ತನಕ ಬಂದಳು. ಬೆರಣಿಗಳ ಮೇಲಿನ ಹೆಜ್ಜೆ ಗುರುತುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆಯ ಮೇಲಿದ್ದ ಬಟ್ಟಲನ್ನು ಎತ್ತಿ ಸೊಸೆಯ ಕಡೆಗೆ ಚಾಚಿದಳು.

"ಕುಡಿ. ಆರಿ ಹೋಗ್ತಿದೆ. ಇನ್ನೂ ಅರ್ಧ ದೊಡ್ಡಿ ಕಡಿಯೋದು ಬಾಕಿ ಇದೆ."

ಮಾಪುಲೆಂಗ್ ನಿಂತಲ್ಲೇ ಕುಡಿದಳು. ಗೋಡೆಯಾಚೆಯಿಂದ ಮುದುಕಿ ಬಗ್ಗಿ, ಕೈಗೆಟಕಿದ ಬೆರಣಿಯೊಂದನ್ನು ಎತ್ತಿಕೊಂಡು ಬಿಸಿಲಿಗೆ ಒರಗಿಸಿ ನಿಲ್ಲಿಸಿದಳು. ಕೈಯನ್ನು ತನ್ನ ಕಂಬಳಿಗೇ ಒರೆಸಿಕೊಂಡಳು.