ಕಾಡಿಗೆ ಬೊಟ್ಟಿನ ಮೊಟ್ಟೆಗಳು

"ಮೊಟ್ಟಿ ನಾ ಒಯ್ತೀನಿ. ನಿನ್ನ ಗೋಸುಂಬಿ ನೀನ ಇಟ್ಕೋ."

ಹುಲಿಗೇಶ ಹೀಗೆಂದಾಗ ಮುಸರತ್ ಮೊದಲು ಅದನ್ನು ಚೇಷ್ಟೆ ಎಂದುಕೊಂಡಳು. ಆದರೆ ಅವನು ಆಗಲೇ ಮಸ್ಕಿಯ ಅವಳ ಮನೆಯ ನೀರಿನ ಗಡಿಗೆಗಳ ಹಿಂದಿನ ತಂಪು ಮೂಲೆಗೆ ಕೈ ಹಾಕಿ, ಹಸಿ ಮರಳಿನ ಡಬ್ಬಿಯನ್ನು ಎತ್ತಿಕೊಂಡಾಗಿತ್ತು.

ಡಬ್ಬಿಯಲ್ಲಿದ್ದದ್ದು ಮಡಗಾಸ್ಕರ್ ದೇಶದ ಗೋಸುಂಬೆಯ ಮೊಟ್ಟೆಗಳು, ಹುಣಸೆ ಬೀಜದಷ್ಟು ದೊಡ್ಡವು. ಸಿಂಧನೂರಿನಲ್ಲಿ ಬಣ್ಣದ ಮೀನು, ಗಿಣಿ ಮಾರುವ ಹುಲಿಗೇಶ ಜೋಡಿಯನ್ನು ಕಾಗದಪತ್ರ ಸಮೇತ ತರಿಸಿದ್ದ. ಸಾಕಿದವಳು ಮಾತ್ರ ಮುಸರತ್. ಸಂತೆಕಲ್ಲೂರಿನ ಜೋಳದ ಹೊಲಗಳಲ್ಲಿ ಅಲೆದು ಮಿಡತೆ ಹಿಡಿದು ತಿನ್ನಿಸಿದಳು, ಬಿರುಬಿಸಿಲಿನಲ್ಲಿ ಪಂಜರಕ್ಕೆ ಒದ್ದೆ ಗೋಣಿಚೀಲ ಹೊದಿಸಿದಳು. ಗಂಡು ಕೂಡಿದ ಕೆಲವೇ ದಿನಕ್ಕೆ ಸತ್ತಿತು. ಹೆಣ್ಣು ಉಳಿದು ಮೊಟ್ಟೆ ಇಟ್ಟಿತು. ಅದಕ್ಕೆ ಅವಳು ರಾಣಿ ಎಂದು ಹೆಸರಿಟ್ಟಿದ್ದಳು. ಮರಿ ಹೊರಬಂದರೆ ಅಂಗಡಿಯ ಬೋರ್ಡಿನ ಮೇಲೆ ಇಬ್ಬರ ಹೆಸರೂ ಎಂದು ಮಾತಾಗಿತ್ತು.

"ಅಣ್ಣಾ, ಮಾತು ಹಿಂಗಿದ್ದಿಲ್ಲಲ್ಲ?"

"ಮಾತು ಗಾಳ್ಯಾಗ ಹೋತು ಬೇ. ಲೈಸೆನ್ಸ್ ನನ್ನ ಹೆಸರಿಲೆ ಐತಿ. ಹುಲಿಗೇಶ ಹೆಣಮಗಳ ಕೈಲೆ ಮರಿ ಮಾಡಸಾಕತ್ತಾನಂತ ಮಂದಿ ನಗಾಕತ್ತಾರ." ಬಾಗಿಲಲ್ಲಿ ತಿರುಗಿ ನಿಂತು, ರಾಣಿಯ ಪಂಜರದತ್ತ ಕೈ ತೋರಿಸಿ, "ಈ ಒಣ ಕಟಗಿ ನಿನಗ ಇರ್ಲಿ. ಖಾಲಿ ಆಗೇತಿ ಅದು" ಎಂದ.

ಕೋಳಿಗೆ ನುಚ್ಚು ಹಾಕುತ್ತಿದ್ದ ತಾಯಿ ಖಾಸಿಂಬೀ ಬೀದಿಗೆ ಬಂದು, ಅವನ ಬೈಕಿನ ಧೂಳು ಅಡಗುವ ತನಕ ಶಾಪ ಹಾಕಿದಳು. ಸಿಟ್ಟನ್ನು ಹಾಗೆ ಬೀದಿಯಲ್ಲಿ ಚೆಲ್ಲಲು ಮುಸರತ್‌ಳಿಗೆ ಮನಸ್ಸಿರಲಿಲ್ಲ.

ಕೆಲವು ದಿನ ಬಿಟ್ಟು, ಗಿರಾಕಿಗಳ ಮುಂದೆಯೇ ಅವನ ಮಾನ ಕಳೆಯಬೇಕೆಂದು ಸಿಂಧನೂರಿಗೆ ಹೋದಳು. ಅಂಗಡಿಯಲ್ಲಿ ಕೋಳಿ ಮರಿ ಮಾಡುವ ಗಾಜಿನ ಪೆಟ್ಟಿಗೆ. ಅದರೊಳಗೆ ಹುಲಿಗೇಶ ಬೆರಳಿಟ್ಟು, ಮೊಟ್ಟೆಗಳನ್ನು ಒಂದೊಂದಾಗಿ ಹೊರಳಿಸುತ್ತಿದ್ದ.

"ಬಾ ಬಾ ಮುಸರತ್, ನೋಡು! ನಮ್ಮವ್ವ ಕೋಳಿ ಮೊಟ್ಟಿ ಹೊಳ್ಳಸಿದಂಗ ಮುಂಜಾನಿ ಸಂಜಿ ಹೊಳ್ಳಸ್ತೀನಿ. ನೀ ಹಚ್ಚಿದ ಕಾಡಗಿ ಬೊಟ್ಟು ಒರಸಿ ಒಗದೀನಿ. ಮೊಟ್ಟಿಗೂ ದೃಷ್ಟಿ ಬೊಟ್ಟೇನಬೇ, ಹುಚ್ಚಿ!"

ಗಿರಾಕಿಗಳು ನಕ್ಕರು. ಮುಸರತ್ ಅವನ ಬೆರಳನ್ನೇ ನೋಡಿದಳು. ಗೋಸುಂಬೆಯ ಮೊಟ್ಟೆ ಕೋಳಿಯದರಂತಲ್ಲ; ಇಟ್ಟ ಹಾಗೆಯೇ ಇರಬೇಕು, ಹೊರಳಿಸಿದರೆ ಒಳಗಿನ ಜೀವ ಉಸಿರುಗಟ್ಟುತ್ತದೆ. ಮೇಲಿನ ಮಗ್ಗುಲು ಯಾವುದೆಂಬ ಗುರುತಿಗೇ ಅವಳು ಬೊಟ್ಟು ಇಟ್ಟಿದ್ದಳು. ಈಗ ಹೇಳಿದರೂ ಒಂದೆರಡು ಉಳಿಯಬಹುದಿತ್ತು.

"ಯಾಕ ಸುಮ್ನಾದಿ? ಏನರ ತಪ್ಪಾಗೇತೇನು?" ಈ ಸಲ ಅವನು ನಿಜವಾಗಿಯೇ ಕೇಳಿದ.

"ಇಲ್ಲಣ್ಣ" ಎಂದಳು ಮುಸರತ್, ಸೆರಗು ಸರಿಮಾಡಿಕೊಳ್ಳುತ್ತ. "ಕೈ ಛಲೋ ಪಳಗೇತಿ. ಹಿಂಗ ಹೊಳ್ಳಸ್ಕೋಂತ ಇರು."

ಬಸ್ಸು ಮಸ್ಕಿ ಮುಟ್ಟುವವರೆಗೂ ಅವಳ ಬಾಯಲ್ಲಿ ಬೆಲ್ಲ ಕರಗುತ್ತಿದ್ದಂತಿತ್ತು.

ಒಣ ಕಟ್ಟಿಗೆ ಎನಿಸಿಕೊಂಡ ರಾಣಿ ಮತ್ತೆ ಮಿಡತೆ ತಿಂದು ಮೈ ತುಂಬಿಕೊಂಡಿತು. ಒಂದು ದಿನ ಪಂಜರದಲ್ಲಿಟ್ಟಿದ್ದ ಕುಂಡದ ಮಣ್ಣು ಕೆದರತೊಡಗಿತು. ಕೂಡಿದ ಗಂಡಿನ ಬೀಜವನ್ನು ಒಡಲಲ್ಲೇ ಕಾಪಿಟ್ಟುಕೊಂಡು, ಗಂಡಿಲ್ಲದೆಯೂ ಇನ್ನೊಂದು ಸಲ ಮೊಟ್ಟೆ ಇಡುವ ಜಾತಿ ಅದು. ಮುಸರತ್ ಕಡ್ಡಿಯ ತುದಿಯಿಂದ ಒಂದೊಂದು ಹೊಸ ಮೊಟ್ಟೆಗೂ ಕಾಡಿಗೆ ಬೊಟ್ಟಿಟ್ಟು, ಗಡಿಗೆಗಳ ಹಿಂದೆ ಮುಚ್ಚಿಟ್ಟಳು. ತಿಂಗಳುಗಟ್ಟಲೆ ಕಾದಳು. ಕೊನೆಗೆ ಸಿಪ್ಪೆ ಸೀಳಿ ಕಿರುಬೆರಳ ಉಗುರಿನಷ್ಟು ತಲೆಗಳು ಹೊರಬಂದವು. ಲಿಂಗಸುಗೂರಿನಿಂದಲೂ ಜನ ನೋಡಲು ಬಂದರು.

ಸುದ್ದಿ ಕೇಳಿ ಹುಲಿಗೇಶನೂ ಬಂದ, ಕೈಯಲ್ಲಿ ಅದೇ ಡಬ್ಬಿ.

"ನನ್ನವು ಒಂದೂ ಒಡೀಲಿಲ್ಲ ಬೇ. ಎಲ್ಲಾ ಕೊಳತು ನಾರಾಕತ್ತಾವ. ನಿನ್ನವು ಹೆಂಗ?"

ಮುಸರತ್ ಖಾಲಿ ಸಿಪ್ಪೆಯೊಂದನ್ನು ಅವನ ಮುಂದೆ ಹಿಡಿದಳು. ಬೊಟ್ಟು ಇನ್ನೂ ಇತ್ತು.

"ಇದು ದೃಷ್ಟಿಗಲ್ಲಣ್ಣ. ಇದು ಮ್ಯಾಲಿನ ಮಗ್ಗಲು. ಹೊಳ್ಳಸಿದ್ರ ಮರಿ ಒಳಗ ಸಾಯ್ತೈತಿ. ಮುಂಜಾನಿ ಸಂಜಿ ನಿನ್ನ ಕೈಲೆ ನೀನ ಕೊಂದಿ."

ಹುಲಿಗೇಶನ ಮುಖ ಇಳಿಯಿತು. "ಅವತ್ತ ಕೇಳಿದ್ನಲ್ಲ. ನಿನಗ ಗೊತ್ತಿತ್ತು."

"ಗೊತ್ತಿತ್ತು. ರಾಣಿ ಖಾಲಿ ಆಗಿದ್ದಿಲ್ಲಂತನೂ ಗೊತ್ತಿತ್ತು. ನೀ ಅದನ್ನ ಕೇಳಲಿಲ್ಲ." ಅವನು ಹೊರಟಾಗ ಕೂಗಿದಳು: "ಡಬ್ಬಿ ಇಟ್ಟು ಹೋಗು! ನಮ್ಮ ಅಮ್ಮಾಂದು ರೊಟ್ಟಿ ಡಬ್ಬಿ ಅದು."

ಅವನು ಹೋದ ಮೇಲೆ ಮುಚ್ಚಳ ತೆಗೆದಳು. ಕಂದು ಬಣ್ಣಕ್ಕೆ ತಿರುಗಿ ಮುದುಡಿದ ಮೊಟ್ಟೆಗಳು. ಇವೂ ರಾಣಿಯವೇ. ಒಂದನ್ನು ಅಂಗೈಯಲ್ಲಿಟ್ಟು ನೋಡಿದಳು. ಯಾವುದು ಮೇಲಿನ ಮಗ್ಗುಲಾಗಿತ್ತೆಂದು ಅವಳಿಗೂ ತಿಳಿಯಲಿಲ್ಲ. ಎಲ್ಲವನ್ನೂ ತಿಪ್ಪೆಗೆ ಸುರಿದು, ಬೂದಿ ಹಾಕಿ ಡಬ್ಬಿ ತಿಕ್ಕತೊಡಗಿದಳು.

"ಇನ್ನ ಅದರಾಗ ರೊಟ್ಟಿ ಇಡಾಕ ಬರ್ತೈತೇನಬೇ?" ಎಂದಳು ಖಾಸಿಂಬೀ, ಮೂಗು ಮುಚ್ಚಿಕೊಂಡು.

"ಬರ್ತೈತಿ" ಎಂದಳು ಮುಸರತ್. "ಇನ್ನೊಮ್ಮಿ ತಿಕ್ತೀನಿ."