ಮುದ್ದಣ್ಣನ ಗಾಡಿಗೆ ಸುಂಕವಿಲ್ಲ

ಬೋವಿಕಾನ ಪೇಟೆಗೆ ಹೋಗುವ ದಾರಿಯಲ್ಲಿ ಒಂದು ತೋಡು, ತೋಡಿಗೆ ಒಂದು ಸೇತುವೆ, ಸೇತುವೆಯ ಬಾಯಿಗೆ ಒಂದು ಗೇಟು. ಗೇಟೆಂದರೆ ಎಂತ ಮಹಾ! ಒಂದು ಉದ್ದದ ಬಿದಿರು, ಬುಡಕ್ಕೆ ಕಟ್ಟಿದ ಕಲ್ಲು, ತುದಿಗೆ ಹಗ್ಗ. ತಲೆಹೊರೆಗೆ ಅರ್ಧಾಣೆ, ಎತ್ತಿನ ಗಾಡಿಗೆ ನಾಲ್ಕಾಣೆ. ಕೊಟ್ಟರೆ ಬಿದಿರು ಏಳುತ್ತದೆ, ಕೊಡದಿದ್ದರೆ ಇಲ್ಲ. ಆದರೆ ಮುದ್ದಣ್ಣನ ಗಾಡಿಯ ಗಂಟೆ ದೂರದಲ್ಲಿ ಕೇಳಿದರೆ ಸಾಕು, ಗೇಟಿನವನು ಬೀಡಿ ಎಸೆದು ಓಡಿ ಬಂದು ಹಗ್ಗ ಬಿಡುತ್ತಿದ್ದ. ಅರ್ಧಾಣೆಗಾಗಿ ಸೆರಗಿನ ಗಂಟು ಬಿಚ್ಚುತ್ತಾ ನಿಂತ ಹೆಂಗಸರು ಬದಿಗೆ ಸರಿಯಬೇಕು, ಮುದ್ದಣ್ಣ ಮುಂದೆ ಹೋಗಬೇಕು. ಮೊದಮೊದಲು ಅವನು ಅವರ ಕಡೆ ನೋಡಿ ನಗುತ್ತಿದ್ದ. ಆಮೇಲಾಮೇಲೆ ಎತ್ತಿನ ಬಾಲವನ್ನೇ ನೋಡುತ್ತಾ ದಾಟಲು ಕಲಿತ.

ಯುದ್ಧ ಮುಗಿದ ಮರುವರ್ಷದ ಮಾತು ಇದು. ಮುದ್ದಣ್ಣನ ಮನೆ ತೋಡಿನ ಈಚೆ, ಪೇಟೆಯ ಬದಿಗೆ. ಅವನ ಗದ್ದೆಗಳೂ ನೆರೆಕರೆಯ ಮನೆಗಳೂ ತೋಡಿನ ಆಚೆ. ಮೊದಲು ಅಲ್ಲಿದ್ದದ್ದು ಅಡಿಕೆ ಮರದ ಕಾಲುಸಂಕ. ಮಳೆಗಾಲ ಬಂದು ಅದನ್ನು ಕೊಂಡುಹೋಗುವುದು, ಮಳೆ ಬಿಟ್ಟ ಮೇಲೆ ಊರವರೆಲ್ಲ ಸೇರಿ ಹೊಸತು ಹಾಕುವುದು, ಹೀಗೇ ನಡೆದುಕೊಂಡು ಬಂದಿತ್ತು. ಅಷ್ಟರಲ್ಲಿ ಮರದ ವ್ಯಾಪಾರದ ಗಿಲ್ಬರ್ಟ್ ಪೊರ್ಬುಗಳು ಆಚೆಯ ಗುಡ್ಡೆಯನ್ನು ಕ್ರಯಕ್ಕೆ ತೆಗೆದುಕೊಂಡರು. ಮರ ಸಾಗಿಸಲು ಅವರಿಗೆ ಲಾರಿ ಬರಬೇಕು, ಲಾರಿಗೆ ರಸ್ತೆ ಬೇಕು. ಕಲ್ಲು, ಸುಣ್ಣ, ಮೇಸ್ತ್ರಿ ಎಲ್ಲ ತಮ್ಮದು ಎಂದರು. ಗುಡ್ಡೆ ಕಡಿದು ಮಣ್ಣು ಹೊರುವವರು ಯಾರು? ಅದಕ್ಕೇ ಅವರು ಮುದ್ದಣ್ಣನ ಜಗಲಿಗೆ ಬಂದು ಕುಳಿತದ್ದು.

ಯಾಕೆಂದರೆ ಮುದ್ದಣ್ಣ ಕರೆದರೆ ಜನ ಬರುತ್ತಿದ್ದರು. ಹಣವಂತನೆಂದು ಅಲ್ಲ, ಮುಯ್ಯಿಯ ಮನುಷ್ಯನೆಂದು. ಮುಯ್ಯಿ ಎಂದರೆ ಗೊತ್ತಲ್ಲ? ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಮನೆಯ ಮಾಡಿಗೆ ಹುಲ್ಲು ಹೊದೆಸಲು ನೀವು. ಕೂಲಿಯಿಲ್ಲ, ಲೆಕ್ಕವಿಲ್ಲ, ಬಾರದೆ ಉಳಿದರೆ ಮಾತ್ರ ಮಾನವಿಲ್ಲ. ಯಾರ ಮನೆಯಲ್ಲಿ ಕೆಲಸವಿದ್ದರೂ ಮುದ್ದಣ್ಣ ಎಲ್ಲರಿಗಿಂತ ಮೊದಲು ಹಾಜರು. ಅಂಥವನು ಕರೆದ ಮೇಲೆ ಯಾರು ಇಲ್ಲವೆನ್ನುತ್ತಾರೆ?

"ಒಂದು ಮಾತುಂಟು ಮುದ್ದಣ್ಣ," ಎಂದರು ಪೊರ್ಬುಗಳು ಅವತ್ತು, ಎಲೆಗೆ ಸುಣ್ಣ ಸವರುತ್ತಾ. "ಸೇತುವೆಗೆ ನನ್ನ ಕೈಯಿಂದ ಸುಮಾರು ದುಡ್ಡು ಹೋಗ್ತದೆ. ಆಮೇಲೆ ರಿಪೇರಿ ಯಾರು ಮಾಡುವುದು? ನಾನೇ. ಹಾಗಾಗಿ ಒಂದು ಗೇಟು ಹಾಕ್ತೇನೆ. ಆದರೆ ಈಗಲೇ ಹೇಳಿದ್ರೆ ಜನ ಬರ್ಲಿಕ್ಕಿಲ್ಲ. ನೀವು ಸುಮ್ಮನಿರಿ. ನಿಮ್ಮ ಗಾಡಿಗೆ ಸುಂಕ ಇಲ್ಲ, ಅದು ನನ್ನ ಮಾತು."

ಮುದ್ದಣ್ಣ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮರುದಿನ ಮನೆಮನೆಗೆ ಹೋಗಿ ಹೇಳಿದ್ದು ಇಷ್ಟೇ: "ನಮ್ಮದೇ ರಸ್ತೆ ಆಗ್ತದೆ, ಬನ್ನಿ." ಆ "ನಮ್ಮದೇ" ಎಂಬ ಮಾತು ಅವನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಅವನಿಗೇ ಅದು ನಿಜವೆನಿಸಿತು.

ಜನ ಬಂದರು. ಬೇಸಿಗೆಯುದ್ದಕ್ಕೂ ಬಂದರು. ಲೋಕನಾಥ ತನ್ನ ಗದ್ದೆಯ ಕೆಲಸ ಬಿಟ್ಟು ಪಿಕ್ಕಾಸು ಹಿಡಿದ. ಅಮ್ಮಣ್ಣಿಯಕ್ಕನಿಗೆ ಗಂಡನಿಲ್ಲ, ಸೊಂಟದಲ್ಲಿ ಬಲವಿಲ್ಲ. ಆದರೂ ಬುಟ್ಟಿ ಬುಟ್ಟಿ ಮಣ್ಣು ಹೊತ್ತಳು. ಸಂಕ ಇದ್ದ ಜಾಗದಲ್ಲೇ ಸೇತುವೆ ಎದ್ದಿತು. ಎಲ್ಲರೂ ತೆಂಗಿನಕಾಯಿ ಒಡೆದು, ಅವಲಕ್ಕಿ ತಿಂದು, ಕುಣಿಯುವುದೊಂದು ಬಾಕಿ. ಮರುದಿನ ಬೆಳಿಗ್ಗೆ ನೋಡಿದರೆ ಬಿದಿರು!

ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಮುದ್ದಣ್ಣನೂ ಎರಡು ಮಾತು ಆಡಿ ಹಗುರಾಗುತ್ತಿದ್ದ. ಲೋಕನಾಥ ಒಮ್ಮೆ ಮಾತ್ರ ಕೇಳಿದ, "ಇದು ಎಂತ ಮುದ್ದಣ್ಣ, ನಿಮಗೆ ಗೊತ್ತಿತ್ತಾ?" ಮುದ್ದಣ್ಣ, "ನನಗೆಂತ ಗೊತ್ತು ಮಾರಾಯ, ದೊಡ್ಡವರ ವ್ಯಾಪಾರ," ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಕೈ ಸುಮ್ಮನೆ ಹೆಗಲ ಬೈರಾಸಿನ ಮೇಲೆ ಆಡಿತು. ಲೋಕನಾಥ ಮತ್ತೆ ಕೇಳಲಿಲ್ಲ.

ಒಂದು ಸಲ ಪೊರ್ಬುಗಳ ಹತ್ತಿರ ಹೋಗಿ, "ತಲೆಹೊರೆಯವರನ್ನಾದರೂ ಬಿಡಿ, ರಸ್ತೆ ಮಾಡಿದವರೇ ಅವರು," ಎಂದದ್ದೂ ಉಂಟು. ಪೊರ್ಬುಗಳು ಕೆಟ್ಟವರಲ್ಲ. ಕಾಫಿ ತರಿಸಿಕೊಟ್ಟರು. "ಅವರು ಮಣ್ಣು ಹೊತ್ತರು, ಸರಿ. ನಾನು ಸಾಲ ಹೊತ್ತಿದ್ದೇನೆ. ನೀವೇ ಹೇಳಿ, ಯಾವುದನ್ನು ಇಳಿಸುವುದು ಕಷ್ಟ? ಅಷ್ಟಕ್ಕೂ, ಜನರನ್ನು ಕರೆದದ್ದು ನಾನಾ?" ಎಂದರು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು ಮುದ್ದಣ್ಣನಿಗೆ, ಉಗುಳಲೂ ಆಗದು, ನುಂಗಲೂ ಆಗದು. ಕಾಫಿ ಕುಡಿದು ಎದ್ದು ಬಂದ. ಬರುವಾಗ ಗೇಟು ಮತ್ತೆ ತಾನಾಗಿಯೇ ಎದ್ದಿತು.

ವರ್ಷ ತಿರುಗಿ, ಮಳೆಗೆ ಮೊದಲು ಮಾಡು ಹೊದೆಸುವ ಕಾಲ ಬಂತು. ಮುದ್ದಣ್ಣನ ಮಾಡಿನ ಹುಲ್ಲು ಕರಗಿಹೋಗಿ, ಅಡುಗೆಕೋಣೆಯಲ್ಲಿ ಕುಳಿತರೆ ಆಕಾಶ ಕಾಣುತ್ತಿತ್ತು. ಕರೆಯದೆ ಗತಿಯಿಲ್ಲ. ಕರೆಯಲು ಬಾಯಿಯಿಲ್ಲ.

"ಬರ್ತಾರಾ?" ಎಂದ ಹೆಂಡತಿಯ ಹತ್ತಿರ.

ಪುಷ್ಪಾವತಿ ನೆಲ ಸಾರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಬಾರದಿದ್ರೆ ನಾನು ಅವರಿಗೆ ಬೈಯ್ಲಿಕ್ಕಿಲ್ಲ," ಎಂದಳು.

ಅವನು ಹೋಗಿ ಕರೆದ. ಎಲ್ಲರೂ "ಆಯ್ತು" ಎಂದರು. ಕೆಲಸದ ದಿನ ಬೆಳಿಗ್ಗೆ ಎದ್ದವನೇ ದಾರಿ ನೋಡಲು ಗೇಟಿನ ಕಡೆಗೆ ಹೋದ. ದೂರದಿಂದಲೇ ಕಂಡಿತು: ಬಂದಿದ್ದಾರೆ, ಒಬ್ಬರನ್ನೂ ಬಿಡದೆ ಬಂದಿದ್ದಾರೆ! ಮಾಡು ಹೊದೆಸಲು ಬರುವವರು ತಲಾ ಒಂದು ಕಟ್ಟು ಮುಳಿಹುಲ್ಲು ತರುವುದು ವಾಡಿಕೆ. ಎಲ್ಲರ ತಲೆಯ ಮೇಲೂ ಹುಲ್ಲಿನ ಕಟ್ಟು. ತಲೆಹೊರೆಯೆಂದರೆ ಅರ್ಧಾಣೆ. ಸಾಲಾಗಿ ನಿಂತು ಒಬ್ಬೊಬ್ಬರೇ ಕಾಸು ಕೊಟ್ಟು ದಾಟುತ್ತಿದ್ದರು. ಅಮ್ಮಣ್ಣಿಯಕ್ಕ ಒಂದು ಕೈಯಲ್ಲಿ ಕಟ್ಟು ಹಿಡಿದು, ಇನ್ನೊಂದು ಕೈಯಿಂದಲೂ ಹಲ್ಲಿನಿಂದಲೂ ಸೆರಗಿನ ಗಂಟು ಬಿಚ್ಚುತ್ತಿದ್ದಳು.

ಅವನ ಮನೆಗೆ, ಅವನ ಮಾಡಿಗೆ, ಅವನು ಕರೆದ ಕೆಲಸಕ್ಕೆ!

ನಾಲ್ಕು ಹೆಜ್ಜೆ ಮುಂದೆ ಹೋಗಿ "ಬಿಡು ಮಾರಾಯ, ಇವರು ನನ್ನ ಮನೆಗೆ ಬರುವವರು," ಎಂದಿದ್ದರೆ ಗೇಟಿನವನು ಬಿಡುತ್ತಿದ್ದನೋ ಏನೋ. ಆದರೆ ಹಾಗೆ ಬಿಟ್ಟರೆ, ಮುದ್ದಣ್ಣನ ಮಾತಿಗೆ ಈ ಗೇಟು ಏಳುತ್ತದೆಂದು ಎಲ್ಲರಿಗೂ ಕಾಣುತ್ತದಲ್ಲ? ಗೇರುಮರದ ಮರೆಗೆ ಸರಿದು ನಿಂತ. ಊರಿಗೆ ಮೊದಲು ಕೆಲಸಕ್ಕೆ ಇಳಿಯುತ್ತಿದ್ದ ಮುದ್ದಣ್ಣ ತನ್ನ ಮನೆಗೆ ಬರುವವರಿಂದ ಅಡಗಿ ನಿಂತ! ಆಮೇಲೆ ತೋಟದ ಹಿಂದಿನಿಂದ ಓಡಿ ಮನೆ ಸೇರಿ, ಆಗಷ್ಟೇ ಎದ್ದವನ ಹಾಗೆ ಅಂಗಳಕ್ಕೆ ಬಂದ. ಥೂ, ಇಂಥ ಬಾಳೂ ಒಂದು ಬಾಳಾ ಎಂದು ಅವನಿಗೇ ಅನಿಸಿತು.

ದಿನವಿಡೀ ಎಲ್ಲರೂ ಚೆನ್ನಾಗಿ ದುಡಿದರು. ತಮಾಷೆಯಿಲ್ಲ, ಪಾಡ್ದನದ ಹಾಡಿಲ್ಲ, ಕೆಲಸ ಮಾತ್ರ ಬೆಣ್ಣೆಯ ಹಾಗೆ ನಡೆಯಿತು. ಮಧ್ಯಾಹ್ನ ಪುಷ್ಪಾವತಿ ಬಡಿಸಿದ್ದನ್ನು ಉಂಡರು. ಮುದ್ದಣ್ಣ ಅಮ್ಮಣ್ಣಿಯಕ್ಕನ ಹತ್ತಿರ ಹೋಗಿ ಮುಷ್ಟಿ ಚಾಚಿದ, ಒಳಗೆ ಕಾಸುಗಳಿದ್ದವು. "ಅಕ್ಕ, ಗೇಟಿನದ್ದು, ಎಲ್ಲರದ್ದೂ…"

"ಮುಯ್ಯಿಗೆ ದುಡ್ಡು ಕೊಡ್ಲಿಕ್ಕುಂಟಾ?" ಎಂದಳು ಅಮ್ಮಣ್ಣಿಯಕ್ಕ. ಸಿಟ್ಟಿಲ್ಲದ ಧ್ವನಿ. ಅವನ ಮುಷ್ಟಿಯನ್ನು ಮೆಲ್ಲ ಹಿಂದೆ ತಳ್ಳಿದಳು.

ಸಂಜೆ ಹೊರಡುವಾಗ ಲೋಕನಾಥ ಕೈಕಾಲು ತೊಳೆದು, ಅಂಗಳದ ನಡುವೆ ನಿಂತು, "ಹೋದ ವರ್ಷ ನೀವು ನಮ್ಮೆಲ್ಲರ ಮಾಡಿಗೆ ಬಂದಿದ್ರಿ. ಅದು ಇವತ್ತಿಗೆ ತೀರಿತು," ಎಂದ. ಮುದ್ದಣ್ಣ ನಗುತ್ತಾ, "ತೀರುವುದೆಂತ ಮಾರಾಯ, ನಮ್ಮೊಳಗೆ," ಎಂದ. ಯಾರೂ ನಗಲಿಲ್ಲ. ಅವರು ಹೋದ ಮೇಲೆ ಪುಷ್ಪಾವತಿ ಬಾಗಿಲ ದಾರಂದಕ್ಕೆ ಒರಗಿ ಅಳುವುದು ಕಂಡು, "ಮನೆ ಹೊದೆಸಿ ಆಯ್ತಲ್ಲ, ಇನ್ನೆಂತ ಅಳು?" ಎಂದು ಗದರಿದ.

"ಅವರು ಸಾಲ ತೀರಿಸಿ ಹೋದದ್ದು," ಎಂದಳು ಅವಳು. "ಇನ್ನು ನಿಮ್ಮನ್ನು ಯಾರೂ ಕರೆಯುವುದಿಲ್ಲ."

ಹೆಂಗಸರ ಮಾತು ಎಂದುಕೊಂಡ ಮುದ್ದಣ್ಣ. ಆದರೆ ಕೆಲವೇ ದಿನಗಳಲ್ಲಿ ಲೋಕನಾಥನ ಮನೆಯ ಮಾಡು ಹೊಸತಾಗಿ ಹೊಳೆಯುವುದು ಗದ್ದೆಯಿಂದ ಕಂಡಿತು. ಯಾರೂ ಕರೆದಿರಲಿಲ್ಲ. ಆಮೇಲೆ ಇನ್ನೊಂದು ಮನೆ, ಮತ್ತೊಂದು ಮನೆ. ಅಮ್ಮಣ್ಣಿಯಕ್ಕನ ಮಾಡಿಗೆ ನಾಳೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಅವನಿಗೆ ತಡೆಯಲಾಗಲಿಲ್ಲ. ಕರೆಯದಿದ್ದರೆ ಬೇಡ, ನಾನೇ ಹೋಗುತ್ತೇನೆ ಎಂದು ಬೆಳಿಗ್ಗೆ ಎಲ್ಲರಿಗಿಂತ ದೊಡ್ಡ ಕಟ್ಟು ತಲೆಗೇರಿಸಿ ಹೊರಟ. ಗಾಡಿ ಕಟ್ಟಲಿಲ್ಲ. ಗೇಟಿನವನು ನಗುತ್ತಾ ಹಗ್ಗಕ್ಕೆ ಕೈ ಹಾಕಿದಾಗ, "ತಗೊಳ್ಳಾ!" ಎಂದು ಗದರಿಸಿ ಅರ್ಧಾಣೆ ಅವನ ಕೈಗೆ ತುರುಕಿದ. ಸೇತುವೆ ದಾಟುವಾಗ ಎದೆ ಹಗುರಾಯಿತು. ಈಗ ನಾನೂ ಅವರ ಹಾಗೆಯೇ ಎಂದುಕೊಂಡ.

ಅಮ್ಮಣ್ಣಿಯಕ್ಕನ ಅಂಗಳದಲ್ಲಿ ಎಲ್ಲರೂ ಇದ್ದರು. ಮಾಡಿನ ಮೇಲಿದ್ದ ಲೋಕನಾಥ ಕೆಳಗೆ ನೋಡಿ, "ಓ, ಬಂದ್ರಾ," ಎಂದು ಮರ್ಯಾದೆಯಿಂದಲೇ ಹೇಳಿದ. ಅಮ್ಮಣ್ಣಿಯಕ್ಕ ಓಡಿ ಬಂದು ಹುಲ್ಲಿನ ಕಟ್ಟನ್ನು ಇಳಿಸಿಕೊಂಡು, ಬೇರೆ ಕಟ್ಟುಗಳ ರಾಶಿಗೆ ಹಾಕದೆ ಜಗಲಿಯ ಮೂಲೆಗೆ ಒರಗಿಸಿಟ್ಟಳು. ಚಾಪೆ ಬಿಡಿಸಿದಳು. ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲ, ಚೆಂಬಿನಲ್ಲಿ ನೀರು ತಂದಳು.

ಮುಯ್ಯಿಗೆ ಬಂದವನಿಗೆ ಯಾರೂ ಬೆಲ್ಲ ನೀರು ಕೊಡುವುದಿಲ್ಲ. ಅವನು ಬಾಯಾರಿದರೆ ತಾನೇ ಹೋಗಿ ಬಾವಿಗೆ ಕೊಡಪಾನ ಇಳಿಸುತ್ತಾನೆ. ಬೆಲ್ಲ ನೀರು ನೆಂಟರಿಗೆ.

"ಅಕ್ಕ, ನಾನು ಕೆಲಸಕ್ಕೆ ಬಂದದ್ದು," ಎಂದ ಮುದ್ದಣ್ಣ.

"ಅದೆಂತ ಮಾತು! ಕೂತ್ಕೊಳ್ಳಿ, ದಣಿದು ಬಂದಿದ್ದೀರಿ."

ಅವನು ಕುಳಿತ. "ಅಕ್ಕ, ಗೇಟು ಹಾಕುವುದು ನನಗೆ ಮೊದಲೇ ಗೊತ್ತಿತ್ತು," ಎಂದ. ವರ್ಷವಿಡೀ ಬಚ್ಚಿಟ್ಟಿದ್ದ ಮಾತು ಕೊನೆಗೂ ಹೊರಗೆ ಬಂತು. ಅಳುವೂ ಬಂತು.

"ಗೇಟು ನಿಮ್ಮ ಗಾಡಿಗೆ ಮೊದಲನೇ ಸಲ ಎದ್ದ ದಿನವೇ ನಮಗೆ ಗೊತ್ತಾಯ್ತು," ಎಂದಳು ಅಮ್ಮಣ್ಣಿಯಕ್ಕ. "ಬೆಲ್ಲ ತಿನ್ನಿ."

ಮೇಲಿನಿಂದ ಲೋಕನಾಥ ಕೂಗಿದ, "ಹುಲ್ಲು ಸಾಲದು ಅಕ್ಕ, ಇನ್ನೊಂದು ಕಟ್ಟು ಬೇಕು!" ಮುದ್ದಣ್ಣ ಮೂಲೆಯಲ್ಲಿದ್ದ ತನ್ನ ಕಟ್ಟಿನ ಕಡೆ ನೋಡಿದ. ಇಬ್ಬರು ಕತ್ತಿ ತೆಗೆದುಕೊಂಡು ಅದರ ಪಕ್ಕದಲ್ಲೇ ಹಾದು ಹುಲ್ಲು ಕೊಯ್ದು ತರಲು ಗುಡ್ಡೆಗೆ ಹೊರಟರು. ಅಮ್ಮಣ್ಣಿಯಕ್ಕ ಚೆಂಬನ್ನು ಅವನ ಹತ್ತಿರಕ್ಕೆ ಸರಿಸಿ, ಒಳಗೆ ಕೆಲಸದವರಿಗೆ ಗಂಜಿ ನೋಡಲು ಹೋದಳು.